ಎಂಬತ್ತೆಂಟು ಅಕ್ಷರದ ಗುಂಡು

ಟೈಪ್‌ರೈಟರಿನ ಗುಂಡು ಬಂದದ್ದು ಸೋಮವಾರ ಬೆಳಿಗ್ಗೆ. ಹತ್ತಿಯಲ್ಲಿ ಸುತ್ತಿ, ಉಂಗುರದ ಡಬ್ಬಿಗಿಂತ ಕೊಂಚ ದೊಡ್ಡ ಡಬ್ಬಿಯಲ್ಲಿಟ್ಟು ಕಳಿಸಿದ್ದರು. ಡಾಕ್ಟರ್ ಪ್ರೈನ್ ಅದನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನಿಂಬೆಹಣ್ಣಿಗಿಂತ ಸಣ್ಣದು, ಬೆಳ್ಳಿಯ ಬಣ್ಣ, ಮೈತುಂಬ ಉಬ್ಬು ಅಕ್ಷರ.

“ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದೆ, ಒರೆಸಿದೆ,” ಅಂದರು. “ಈಗ ಕೈಯಲ್ಲಿ ಹಿಡಿಯೋ ಹಾಗಾಯ್ತು. ಮಿಸ್ ಹುಡಾಕ್, ಇದು ನಿಮ್ಮ ಕೈಕೆಲಸ ಕಣ್ರೀ.”

ಕೋಣೆಯಲ್ಲಿದ್ದ ಐದಾರು ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ನಾಚಿಕೆ ಅರ್ಧ, ಸಂತೋಷ ಅರ್ಧ. ನನ್ನ ಕೆಲಸಕ್ಕೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಆಗ ನನಗೆ ನಲವತ್ತೊಂದು. ಹಡ್ಸನ್ ನದಿಯ ದಂಡೆಯ ಊರಲ್ಲಿ, ಕಂಪ್ಯೂಟರ್ ಮಾಡುವ ಒಂದು ಕಂಪನಿಯ ಸಂಶೋಧನಾ ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದೆ. ಸಾವಿರದ ಒಂಬೈನೂರ ಅರವತ್ತೈದನೇ ಇಸವಿ, ಅಕ್ಟೋಬರ್. ಮನೆಯಲ್ಲಿ ನಾನು, ನನ್ನ ಅಮ್ಮ, ಇಬ್ಬರೇ.

ಲ್ಯಾಂಬರ್ಟ್ ಪ್ರೈನ್ ಮೊದಲು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಗುಣಾಕಾರ ಮೊದಲೋ ಕೂಡುವುದು ಮೊದಲೋ, ಅದಕ್ಕೊಂದು ಕಟ್ಟಳೆ, ಇದಕ್ಕೊಂದು ಕಟ್ಟಳೆ ಎಂದು ಹುಡುಗರು ಎಡವಿ ಬೀಳುವುದನ್ನು ನೋಡಿ ನೋಡಿ ಸಾಕಾಗಿ, ತಮ್ಮದೇ ಚಿಹ್ನೆಗಳನ್ನು ಕಟ್ಟಿಕೊಂಡಿದ್ದರು. ಕಟ್ಟಳೆ ಒಂದೇ: ಸಾಲಿನ ಬಲತುದಿಯಿಂದ ಶುರುಮಾಡಿ ಎಡಕ್ಕೆ ಬನ್ನಿ. ಒಂದು ಪುಟದಷ್ಟು ಮಾತು ಆ ಬರಹದಲ್ಲಿ ಒಂದು ಸಾಲಿಗೆ ಇಳಿಯುತ್ತಿತ್ತು. ಅದನ್ನು ಓದಲು ಕಲಿತವರು ಬಿಟ್ಟಿರುತ್ತಿರಲಿಲ್ಲ. ಬಾರದವರು ‘ಕೋಳಿ ಕೆದರಿದ ಅಂಗಳ’ ಅನ್ನುತ್ತಿದ್ದರು. ಕಂಪನಿಯಲ್ಲಿ ಎರಡನೆಯ ಜಾತಿಯವರೇ ಜಾಸ್ತಿ.

ಅವರ ಟಿಪ್ಪಣಿಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ಚಿಹ್ನೆ ಬರುವ ಕಡೆ ಜಾಗ ಬಿಟ್ಟು, ಆಮೇಲೆ ಪೆನ್ನಿನಲ್ಲಿ ತುಂಬುತ್ತಿದ್ದೆ. ಹಾಗೆ ತುಂಬಿದ ಒಂದು ಕಟ್ಟನ್ನು ಓದಿ ನಮ್ಮ ವಿಭಾಗಕ್ಕೆ ಬಂದವನು ಏವ್ರಮ್ ಟಿಷ್ಲರ್. ಇಪ್ಪತ್ತೆಂಟರ ಪ್ರಾಯ, ಕಡ್ಡಿಯಂಥ ಮೈ, ಮಾತಾಡುವಾಗ ಉಗುರಿನಿಂದ ಬೆರಳ ಸಂದಿ ಕೆರೆದುಕೊಳ್ಳುವ ಚಾಳಿ.

“ಸಾರ್, ಇದನ್ನ ಮನುಷ್ಯರು ಓದ್ಲಿ ಅಂತ ಬರೆದಿದೀರಿ,” ಅಂದಿದ್ದ. “ಕಂಪ್ಯೂಟರಿಗೇ ನೇರವಾಗಿ ಓದಿಸಿದ್ರೆ?”

“ಅದಕ್ಕಲ್ಲ ಕಣಯ್ಯ ಇದು. ಯೋಚನೆ ಮಾಡೋದಕ್ಕೆ.”

“ಅದೂ ಒಂಚೂರು ಯೋಚನೆ ಮಾಡ್ಲಿ ಬಿಡಿ ಸಾರ್.”

ಎರಡು ವರ್ಷ ಕೂತು ಏವ್ರಮ್ ಅದನ್ನು ಓದುವ ಪ್ರೋಗ್ರಾಂ ಬರೆದ. ಉಳಿದದ್ದು ಬರವಣಿಗೆಯ ತೊಡಕು. ಕಂಪ್ಯೂಟರಿಗೆ ತಂತಿಯಲ್ಲಿ ಕಟ್ಟಿದ್ದ ನಮ್ಮ ಟೈಪ್‌ರೈಟರಿನಲ್ಲಿ ಅಕ್ಷರಗಳೆಲ್ಲ ಒಂದೇ ಗುಂಡಿನ ಮೇಲಿದ್ದವು. ಕೀ ಒತ್ತಿದರೆ ಗುಂಡು ತಿರುಗಿ ಬೇಕಾದ ಮುಖದಿಂದ ಕಾಗದಕ್ಕೆ ಬಡಿಯುತ್ತಿತ್ತು. ಗುಂಡಿನ ಮೇಲೆ ಜಾಗ ಎಂಬತ್ತೆಂಟು. ಇಂಗ್ಲಿಷ್ ಅಕ್ಷರ, ಅಂಕಿ, ಪ್ರೈನ್ ಅವರ ಚಿಹ್ನೆ ಎಲ್ಲ ಸೇರಿ ನೂರಿಪ್ಪತ್ತರ ಹತ್ತಿರ. ಯಾವುದನ್ನು ಬಿಡುವುದು ಎಂದು ಇಬ್ಬರೂ ಮೂರು ವಾರ ಕಚ್ಚಾಡಿದರು.

ದಾರಿ ಹೇಳಿದವಳು ನಾನು. ನನ್ನ ಅಮ್ಮ ಸ್ಲೊವಾಕ್ ಭಾಷೆಯವಳು. ಹುಟ್ಟೂರಲ್ಲೇ ಉಳಿದಿದ್ದ ಅವಳ ತಂಗಿಗೆ ನಾನು ಟೈಪ್ ಮಾಡಿ ಕಾಗದ ಬರೆಯುತ್ತಿದ್ದೆ. ಆ ಭಾಷೆಯಲ್ಲಿ ಅಕ್ಷರದ ನೆತ್ತಿ ಮೇಲೆ ಗುರುತುಗಳು ಬರುತ್ತವೆ. ಅಕ್ಷರ ಹೊಡೆದು, ಒಂದು ಮನೆ ಹಿಂದಕ್ಕೆ ಬಂದು, ಅದರ ಮೇಲೇ ಗುರುತು ಹೊಡೆದರೆ ಆಯಿತು. “ಎರಡು ಚಿಹ್ನೇನ ಒಂದರ ಮೇಲೊಂದು ಹೊಡೆದ್ರೆ ಮೂರನೇದಾಗಲ್ವಾ?” ಎಂದು ಕಾಫಿ ಹೊತ್ತಿನಲ್ಲಿ ಕೇಳಿದೆ. ಇಬ್ಬರೂ ನನ್ನನ್ನು ಮೊದಲ ಸಲ ನೋಡಿದವರ ಹಾಗೆ ನೋಡಿದರು. ಎಂಬತ್ತೆಂಟು ಸಾಕಾಯಿತು. ಗುಂಡಿನ ಅಕ್ಷರಗಳ ಮಾದರಿ ಬರೆಯುವ ಕೆಲಸವೂ ನನಗೇ ಬಂತು. ಆ ಆರು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ ಅಂತಲೇ ಹೇಳಬೇಕು.

ಆ ಸೋಮವಾರ ಚಪ್ಪಾಳೆಯೆಲ್ಲ ಮುಗಿದು ಜನ ಚದುರಿದ ಮೇಲೆ, ಗುಂಡನ್ನು ಟೈಪ್‌ರೈಟರಿಗೆ ಕೂರಿಸಿ, ಒಂದರಿಂದ ಎಂಬತ್ತೆಂಟರ ತನಕ ಸಾಲಾಗಿ ಹೊಡೆದು ನನ್ನ ಪಟ್ಟಿಯ ಜೊತೆ ಹೋಲಿಸುತ್ತಾ ಹೋದೆ. ನಲವತ್ತಮೂರರಲ್ಲಿ ಕೈ ನಿಂತಿತು.

ನಲವತ್ತಮೂರರಲ್ಲಿ ಇರಬೇಕಾದದ್ದು ∧. ಮನೆಯ ಸೂರಿನ ಹಾಗಿರುವ ಈ ಚಿಹ್ನೆಗೆ ‘ಅದೂ ಬೇಕು, ಇದೂ ಬೇಕು’ ಎಂದರ್ಥ. ಕಾಗದದ ಮೇಲೆ ಬಿದ್ದದ್ದು ∨. ಇದು ಬಾಯಿ ತೆರೆದ ಬಟ್ಟಲಿನ ಹಾಗೆ; ‘ಅದಾದರೂ ಸರಿ, ಇದಾದರೂ ಸರಿ’ ಎಂದರ್ಥ. ಅರವತ್ತೊಂದನ್ನು ಒತ್ತಿದೆ. ಅಲ್ಲಿ ಬಟ್ಟಲು ಇರಬೇಕಿತ್ತು. ಸೂರು ಬಿತ್ತು.

ಹೇಗಾಯಿತು ಎಂದು ಆ ಕ್ಷಣವೇ ಗೊತ್ತಾಯಿತು. ಒಂದೊಂದು ಚಿಹ್ನೆಯನ್ನೂ ಒಂದೊಂದು ಕಾರ್ಡಿನ ಮೇಲೆ ದೊಡ್ಡದಾಗಿ ಬರೆದು, ಹಿಂದೆ ಜಾಗದ ನಂಬರು ಹಾಕಿ ಅಚ್ಚಿನವರಿಗೆ ಕಳಿಸಿದ್ದೆ. ಕಾರ್ಡಿನ ಕೆಳ ಅಂಚಿಗೆ ಕೆಂಪು ಗೆರೆ ಎಳೆಯಬೇಕೆಂದು ನನಗೆ ನಾನೇ ನಿಯಮ ಮಾಡಿಕೊಂಡಿದ್ದೆ, ಯಾಕೆಂದರೆ ಸೂರನ್ನು ತಲೆಕೆಳಗು ಮಾಡಿದರೆ ಬಟ್ಟಲು. ಕೊನೆಯ ದಿನ ಅಚ್ಚಿನವರ ಕಡೆಯ ಆಳು ಬಾಗಿಲಲ್ಲಿ ನಿಂತು ಟೋಪಿ ತಿರುಗಿಸುತ್ತಿದ್ದ. ಕೊನೆಗೆ ಉಳಿದಿದ್ದ ಎರಡು ಕಾರ್ಡಿಗೆ ಗೆರೆ ಎಳೆಯಲಿಲ್ಲ. ಎರಡನ್ನೂ ತಿರುವುಮುರುವಾಗಿ ಹಿಡಿದು, ಒಂದರ ನಂಬರನ್ನು ಇನ್ನೊಂದಕ್ಕೆ ಬರೆದಿದ್ದೆ.

ಹೊಸ ಗುಂಡು ಎರಕ ಹೊಯ್ದು ಬರಲು ಏಳು ವಾರ ಬೇಕು. ಶುಕ್ರವಾರ ಹತ್ತು ಗಂಟೆಗೆ ಕಂಪನಿಯ ಹಿರಿಯ ಅಧಿಕಾರಿ ಸ್ಟ್ರಿಕ್‌ಲ್ಯಾಂಡ್ ಬರುವವರಿದ್ದರು. ನಮ್ಮ ಕೆಲಸ ಮುಂದುವರಿಯಬೇಕೋ ಮುಚ್ಚಬೇಕೋ ಎಂದು ಅವರು ನೋಡಿ ಹೇಳಬೇಕಿತ್ತು.

ಹೋಗಿ ಹೇಳಿಬಿಡಬೇಕು ಎಂದು ಎದ್ದೆ. ಪ್ರೈನ್ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಅವರು ಫೋನಿನಲ್ಲಿ ಯಾರಿಗೋ “ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ, ಆಕೆಯ ಕೈ ಅಂಥದ್ದು” ಎಂದು ಹೇಳುತ್ತಿದ್ದರು. ತಿರುಗಿ ಬಂದೆ.

ಆಮೇಲೆ ಮಾಡಿದ್ದನ್ನೂ ಹೇಳಲೇಬೇಕು. ಕೀಗಳ ಮೇಲೆ ಹೊಸ ಚಿಹ್ನೆಗಳ ಚೀಟಿ ಅಂಟಿಸುವ ಕೆಲಸವೂ ನನ್ನದೇ. ಆ ಎರಡು ಕೀಗಳಿಗೆ ಪಟ್ಟಿ ನೋಡದೆ ಗುಂಡನ್ನು ನೋಡಿ ಚೀಟಿ ಅಂಟಿಸಿದೆ. ಸೂರಿನ ಕೀ ಒತ್ತಿದರೆ ಕಾಗದದ ಮೇಲೆ ಸೂರು, ಬಟ್ಟಲು ಒತ್ತಿದರೆ ಬಟ್ಟಲು. ಕೈಗೂ ಕಣ್ಣಿಗೂ ಹೊಂದಿಕೆಯಾದ ಮೇಲೆ ಇನ್ನೇನು ಎಂದು ಸಮಾಧಾನ ಮಾಡಿಕೊಂಡೆ. ಕಂಪ್ಯೂಟರಿಗೆ ಹೋಗುವುದು ಚಿಹ್ನೆ ಅಲ್ಲ, ನಂಬರು. ಅದು ಚೀಟಿಯನ್ನೂ ನೋಡುವುದಿಲ್ಲ, ಕಾಗದವನ್ನೂ ನೋಡುವುದಿಲ್ಲ ಎನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ, ಆಣೆ ಮಾಡಿ ಹೇಳಲಾರೆ.

ಮಂಗಳವಾರ ಏವ್ರಮ್ ಶುಕ್ರವಾರದ ಪ್ರೋಗ್ರಾಂ ಹೊಡೆಯಲು ಕೂತ. ಇನ್ನೂರು ಜನ ರಕ್ತದಾನಿಗಳ ಒಂದು ಕಲ್ಪಿತ ಪಟ್ಟಿ. ಇಂಥ ಗುಂಪಿನ ರಕ್ತ ಇರಬೇಕು, ಕೊಟ್ಟು ಮೂರು ತಿಂಗಳು ಆಗಿರಬೇಕು. ಅಥವಾ ತುರ್ತಿಗೆ ಬರುತ್ತೇನೆಂದು ಬರೆದುಕೊಟ್ಟಿರಬೇಕು. ಅಂಥವರ ಹೆಸರು ಬೇಕು. ಬೇರೆಯವರು ಐವತ್ತು ಸಾಲಿನಲ್ಲಿ ಬರೆಯುವುದನ್ನು ನಾವು ಒಂದು ಸಾಲಿನಲ್ಲಿ ಬರೆದು ತೋರಿಸಬೇಕಿತ್ತು. ಕೈಯಲ್ಲಿ ಲೆಕ್ಕ ಹಾಕಿದ್ದರಂತೆ, ಹದಿನಾಲ್ಕು ಹೆಸರು ಬರಬೇಕು.

ಹದಿನಾಲ್ಕೇ ಬಂದವು. ಏವ್ರಮ್ ಮುಖ ಅರಳಿತು. ಆಮೇಲೆ ಒಂದೊಂದೇ ಹೆಸರು ಓದಿದ.

“ಇವರಲ್ಲ,” ಅಂದ.

ಪಟ್ಟಿ ಬದಲಿಸಿ ನೋಡಿದ. ಮೂವತ್ತೊಂದು ಬರಬೇಕಿದ್ದ ಕಡೆ ಒಂಬತ್ತು. ಇನ್ನೊಂದು ಪಟ್ಟಿಗೆ ಸರಿಯಾಗಿಯೇ ಬಂತು. ಸರಿ ಬಂದದ್ದೇ ಅವನನ್ನು ಹೆಚ್ಚು ಹೆದರಿಸಿತು.

ನನ್ನ ಮೇಜು ಅವನ ಬೆನ್ನ ಹಿಂದೆ. ಅವನ ಕುತ್ತಿಗೆ ಕೆಂಪಾಗುವುದು ನನಗೆ ಕಾಣುತ್ತಿತ್ತು.

“ಒಂದೊಂದೇ ಚಿಹ್ನೆ ಪರೀಕ್ಷೆ ಮಾಡಿ ನೋಡಬಾರದಾ?” ಎಂದು ಕೇಳಿದೆ. ದನಿ ನನ್ನದಲ್ಲ ಅನ್ನಿಸಿತು.

“ಎಲ್ಲಾನೂ ಹೋದ ತಿಂಗಳೇ ಮಾಡಿ ಮುಗಿಸಿದೀನಿ ರೋಸಾ, ಹಳೇ ಇಂಗ್ಲಿಷ್ ಗುಂಡಲ್ಲೇ, ಚಿಹ್ನೆ ಬದಲು ಬೇರೆ ಅಕ್ಷರ ಇಟ್ಕೊಂಡು. ನೂರು ಸಲ. ಗುಂಡು ಬರೀ ಮುಖವಾಡ. ತಪ್ಪಿರೋದು ಇಲ್ಲಿ.” ತನ್ನ ಹಣೆ ತಟ್ಟಿಕೊಂಡ. “ಬಲದಿಂದ ಎಡಕ್ಕೆ ಬರ್ತಾ ಎಲ್ಲೋ ದಾರಿ ತಪ್ತಾ ಇದೆ. ಉದ್ದದ ಸಾಲಾದ್ರೆ ಮಾತ್ರ. ಅಂದ್ರೆ ಬುಡದಲ್ಲೇ ತಪ್ಪು. ಎರಡು ವರ್ಷದ ಕೆಲಸದ ಬುಡದಲ್ಲೇ.”

ಆಗ ನನಗೆ ಅರ್ಥವಾಯಿತು. ಕಂಪ್ಯೂಟರಿಗೆ ಹೋಗುತ್ತಿದ್ದದ್ದು ಕೀಯ ನಂಬರು, ನನ್ನ ಚೀಟಿ ಅಲ್ಲ.

ಬುಧವಾರ ಅವನು ತನ್ನ ಪ್ರೋಗ್ರಾಮಿನ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಮಂಡಿಯೂರಿ ಕೂತಿದ್ದ. ಬೆರಳ ಸಂದಿಗಳು ಒಡೆದು ರಕ್ತ ಬಂದು, ಕೈಗೆ ಬಟ್ಟೆ ಸುತ್ತಿಕೊಂಡಿದ್ದ. ಅವನ ಹೆಂಡತಿಗೆ ಏಳು ತಿಂಗಳು. ಮಧ್ಯಾಹ್ನ ಆಕೆ ಫೋನ್ ಮಾಡಿದಾಗ ಎತ್ತಿದವಳು ನಾನು.

“ಊಟ ಮಾಡಿದ್ರಾ ಕೇಳಿ ಅವರನ್ನ,” ಅಂದಳು. “ನಿನ್ನೆಯಿಂದ ನನ್ನ ಜೊತೆ ಮಾತೇ ಇಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಒಬ್ಬರೇ ಹೇಳ್ಕೋತಾರೆ. ನೀವಲ್ಲೇ ಇರ್ತೀರಲ್ಲ, ಸ್ವಲ್ಪ ನೋಡ್ಕೊಳ್ಳಿ.”

“ನೋಡ್ಕೋತೀನಿ,” ಅಂದೆ.

ಸಂಜೆ ಮನೆಗೆ ಹೋದರೆ ಅಮ್ಮ ಹಿಟ್ಟಿನ ಉಂಡೆ ಬೇಯಿಸಿ, ಕೋಸು ಹಾಕಿ ಹಲುಷ್ಕಿ ಮಾಡಿಟ್ಟಿದ್ದಳು. ತಟ್ಟೆ ಮುಂದೆ ಸುಮ್ಮನೆ ಕೂತೆ.

“ಏನೇ ಅದು, ಮುಖ ಬೂದಿ ಬಳಿದ ಹಾಗಿದೆ?”

ಹೇಳಿದೆ. ಪೂರ್ತಿ ಹೇಳಿದೆ. ಅಮ್ಮನಿಗೆ ಗುಂಡೂ ಗೊತ್ತಿಲ್ಲ, ಚಿಹ್ನೆಯೂ ಗೊತ್ತಿಲ್ಲ.

“ಆ ಹುಡುಗನಿಗೆ ತಪ್ಪು ತನ್ನದೇ ಅನ್ನಿಸಿದೆ. ನಿನಗೆ ನಿನ್ನದು ಅಂತ ಗೊತ್ತು. ಅಷ್ಟೇ ತಾನೆ?”

“ಕೆಲಸದಿಂದ ತೆಗೆದುಹಾಕ್ತಾರೆ ಅಮ್ಮ.”

“ಹಾಕಬಹುದು,” ಅಂದಳು. ಹಾಕುವುದಿಲ್ಲ ಎಂದು ಹೇಳುತ್ತಾಳೇನೋ ಅಂತ ಕಾದೆ. ಹೇಳಲಿಲ್ಲ. ಬ್ರೆಡ್ಡಿನ ಒಂದು ತುಂಡು ಮುರಿದು ನನ್ನ ತಟ್ಟೆಗಿಟ್ಟಳು.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದೆ. ಮೊದಲ ವಾಕ್ಯ ಬಾಯಿಪಾಠವಾಗಿತ್ತು. ಆದರೆ ಏವ್ರಮ್ ಇರಲಿಲ್ಲ. ಕಂಪ್ಯೂಟರಿದ್ದ ಇನ್ನೊಂದು ಕಟ್ಟಡಕ್ಕೆ ಹೋಗಿದ್ದ. ಪ್ರೈನ್ ಮೀಟಿಂಗಿನಲ್ಲಿದ್ದರು. ಹತ್ತಾಯಿತು, ಹನ್ನೊಂದಾಯಿತು. ಬಾಯಿಪಾಠ ಮಾಡಿದ ವಾಕ್ಯ ಸವೆದು ಸವೆದು ಅರ್ಥವಿಲ್ಲದ ಸದ್ದಾಯಿತು. ಅವರು ಬರದಿದ್ದರೇ ಒಳ್ಳೆಯದು ಎಂದೂ ಅನ್ನಿಸಿತು.

ಹನ್ನೆರಡೂವರೆಗೆ ಇಬ್ಬರೂ ಒಟ್ಟಿಗೆ ಬಂದರು. ಏವ್ರಮ್ ಕೈಯಲ್ಲಿ ಮಡಿಸಿದ ಕಾಗದ.

“ಸಾರ್, ನಾಳೆ ಬೇಡ,” ಅಂದ. “ಸ್ಟ್ರಿಕ್‌ಲ್ಯಾಂಡ್ ಅವರಿಗೆ ಬರೆದಿದೀನಿ. ನಿಮ್ಮ ಬರಹದಲ್ಲಿ ದೋಷ ಇಲ್ಲ, ನಾನು ಬರೆದ ಪ್ರೋಗ್ರಾಂ ಕೆಟ್ಟಿದೆ, ಇದನ್ನ ನನ್ನಿಂದ ಮಾಡೋಕಾಗಲಿಲ್ಲ ಅಂತ. ಬೇರೆ ಯಾರಿಗಾದ್ರೂ ಕೊಡ್ಲಿ.”

ಪ್ರೈನ್ ಕುರ್ಚಿಯಲ್ಲಿ ಕೂತರು. ಐವತ್ತೆಂಟರ ಆ ಮನುಷ್ಯ ಒಮ್ಮೆಲೇ ಎಪ್ಪತ್ತರವರ ಹಾಗೆ ಕಂಡರು. “ಮುಂದಕ್ಕೆ ಹಾಕಿದ್ರೆ ಮುಚ್ಚಿದ ಹಾಗೇನೇ ಕಣಪ್ಪ,” ಅಂದರು ಮೆಲ್ಲಗೆ. ಆದರೂ ಕಾಗದಕ್ಕೆ ಕೈ ಚಾಚಿದರು.

“ನಲವತ್ತಮೂರು, ಅರವತ್ತೊಂದು,” ಅಂದೆ.

ಬಾಯಿಪಾಠ ಮಾಡಿದ್ದು ಅದಲ್ಲ. ಬಂದದ್ದು ಅದು. ಇಬ್ಬರೂ ತಿರುಗಿದರು.

“ಗುಂಡಿನ ಮೇಲೆ ಆ ಎರಡು ಅದಲುಬದಲಾಗಿವೆ. ಕಾರ್ಡಿನ ಹಿಂದೆ ನಾನು ನಂಬರು ತಪ್ಪು ಹಾಕಿದ್ದೆ. ನೀವು ಸೂರು ಹೊಡೆದಾಗ ಕಂಪ್ಯೂಟರಿಗೆ ಬಟ್ಟಲು ಹೋಗ್ತಿದೆ. ನಿಮ್ಮ ಪ್ರೋಗ್ರಾಂ ಸರಿಯಾಗೇ ಇದೆ.”

ಏವ್ರಮ್ ಟೈಪ್‌ರೈಟರಿನ ಹತ್ತಿರ ಹೋಗಿ ನಿಂತುಕೊಂಡೇ ಒಂದು ಸಾಲು ಹೊಡೆದ. ಒಂದು, ಸೂರು, ಸೊನ್ನೆ. ಒಂದೆಂದರೆ ಹೌದು, ಸೊನ್ನೆಯೆಂದರೆ ಇಲ್ಲ; ಉತ್ತರ ಸೊನ್ನೆ ಬರಬೇಕು. ಎರಡೂ ಬೇಕು ಎನ್ನುವಲ್ಲಿ ಒಂದೇ ಇದೆಯಲ್ಲ. ಬಂದದ್ದು ಒಂದು. ಅವನು ಆ ಕಾಗದವನ್ನು ನೋಡುತ್ತಲೇ ನಿಂತ. ಆಮೇಲೆ ಕೀಗಳನ್ನು ನೋಡಿದ.

“ಚೀಟಿ ಗುಂಡಿನ ಹಾಗೇ ಇದೆ.”

“ಹೌದು.”

“ಅಂದ್ರೆ ಚೀಟಿ ಅಂಟಿಸುವಾಗ ಗೊತ್ತಿತ್ತು.”

“ಗೊತ್ತಿತ್ತು.”

“ಯಾವಾಗ ಅಂಟಿಸಿದ್ದು?”

“ಸೋಮವಾರ.”

ಅವನು ಬಯ್ಯಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಒಂದು ಸಲ ನೋಡಿಕೊಂಡು ಹೊರಗೆ ಹೋದ. ಪಡಸಾಲೆಯ ನಲ್ಲಿಯಲ್ಲಿ ನೀರು ಬಹಳ ಹೊತ್ತು ಸುರಿಯುವುದು ಕೇಳಿಸಿತು.

ಪ್ರೈನ್ ಕನ್ನಡಕ ತೆಗೆದು ಒರೆಸಿದರು. “ತಪ್ಪು ನಂಬರು ಬರೆದದ್ದು ಏನೂ ಅಲ್ಲ ಮಿಸ್ ಹುಡಾಕ್. ನಾನೂ ಬರೀತಿದ್ದೆ. ಚೀಟಿ ಅಂಟಿಸಿದ್ದು, ಅದು ಬೇರೆ.”

“ಹೌದು ಸಾರ್. ರಾಜೀನಾಮೆ ಬರೆದುಕೊಡ್ತೀನಿ.”

“ಇವತ್ತು ಇಲ್ಲಿ ಎಲ್ಲರೂ ಕಾಗದ ಬರೆಯೋವ್ರೇ,” ಅಂದರು. ನಗಲಿಲ್ಲ. “ನಾಳೆ ಟೈಪ್ ಮಾಡೋರು ಯಾರು? ಅವನ ಕೈ ಆ ಥರ ಆಗಿದೆ. ನನಗೆ ಎರಡು ಬೆರಳಲ್ಲಿ ಬಿಟ್ಟು ಬರಲ್ಲ. ನೀವೇ ಕೂತ್ಕೊಳ್ಳಿ. ಮಿಕ್ಕಿದ್ದು ಆಮೇಲೆ.”

ಸರಿಪಡಿಸಲು ಬೇಕಾದದ್ದು ಕಂಪ್ಯೂಟರಿಗೆ ಪ್ರೋಗ್ರಾಂ ತುಂಬಿಸುವ ತೂತಿನ ಕಾರ್ಡು, ಎರಡೇ ಎರಡು. ಏವ್ರಮ್ ತನ್ನ ಪ್ರೋಗ್ರಾಮಿನ ನಂಬರು ಪಟ್ಟಿಯಲ್ಲಿ ನಲವತ್ತಮೂರನ್ನೂ ಅರವತ್ತೊಂದನ್ನೂ ಅದಲುಬದಲು ಮಾಡಿ, ಹೊಸದಾಗಿ ಎರಡು ಕಾರ್ಡು ತೂತು ಹೊಡೆಸಿ ತಂದ. ಎಲ್ಲ ಸೇರಿ ನಲವತ್ತು ನಿಮಿಷ. ಆ ನಲವತ್ತು ನಿಮಿಷಕ್ಕೆ ಅವನು ಮೂರು ದಿನ ಸತ್ತಿದ್ದ. ಹದಿನಾಲ್ಕು ಹೆಸರು ಬಂದವು, ಈ ಸಲ ಸರಿಯಾದವರೇ. ಅವನು ನನ್ನ ಕಡೆ ನೋಡದೆ ಕೋಟು ಹಾಕಿಕೊಂಡು ಮನೆಗೆ ಹೋದ.

ಶುಕ್ರವಾರ ಸ್ಟ್ರಿಕ್‌ಲ್ಯಾಂಡ್ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು. ದಪ್ಪ ಮನುಷ್ಯ, ಮೃದುವಾದ ದನಿ. ಅವರ ಹಿಂದೆ ನಾಲ್ಕು ಜನ. ಕುರ್ಚಿಯನ್ನು ನನ್ನ ಭುಜದ ಪಕ್ಕಕ್ಕೇ ಎಳೆದುಕೊಂಡು ಕೂತರು. ಏವ್ರಮ್ ಗೋಡೆಗೊರಗಿ, ಕೈಗಳನ್ನು ಜೇಬಿಗಿಟ್ಟುಕೊಂಡು ನಿಂತಿದ್ದ.

ಪ್ರೈನ್ ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ಇಪ್ಪತ್ತೆರಡು ವರ್ಷದಿಂದ ಟೈಪ್ ಮಾಡುತ್ತಿದ್ದ ಬೆರಳುಗಳು ಆ ಎರಡು ಕೀಗಳ ಹತ್ತಿರ ಬಂದಾಗಲೆಲ್ಲ ಪರರ ಬೆರಳುಗಳಾಗುತ್ತಿದ್ದವು. ಸಾಲು ಮುಗಿಸಿ ಕೊನೆಯ ಕೀ ಒತ್ತಿದೆ.

ಏನೂ ಆಗಲಿಲ್ಲ.

ಗುಂಡು ಅಲ್ಲಾಡದೆ ನಿಂತಿತ್ತು. ಹಿಂದೆ ಯಾರೋ ಕೆಮ್ಮಿದರು. ನಿನ್ನೆ ಎರಡೇ ಸೆಕೆಂಡಿನಲ್ಲಿ ಉತ್ತರ ಬಂದಿತ್ತು. ನಾನು ಎಣಿಸುತ್ತಿದ್ದೆ. ಏಳು. ಎಂಟು. ಮತ್ತೆ ಇನ್ನೇನು ತಪ್ಪು ಮಾಡಿದ್ದೇನೆ ಎಂದು ಎಂಬತ್ತೆಂಟು ಕಾರ್ಡುಗಳೂ ಕಣ್ಣ ಮುಂದೆ ಬಂದು ಹೋದವು. ಹನ್ನೊಂದಕ್ಕೆ ಗುಂಡು ತಿರುಗಿತು, ಹೆಸರುಗಳು ಟಕಟಕ ಬೀಳತೊಡಗಿದವು. ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಬೇರೆ ಯಾರದೋ ಕೆಲಸವೂ ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು.

“ಹದಿನಾಲ್ಕು,” ಅಂದರು ಪ್ರೈನ್.

ಸ್ಟ್ರಿಕ್‌ಲ್ಯಾಂಡ್ ಕಾಗದದ ಕಡೆ ಬಾಗಿದರು. “ಇದು ಮೊದಲೇ ತಯಾರು ಮಾಡಿಟ್ಟಿದ್ದಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಇಲ್ಲಿ ರಕ್ತದ ಗುಂಪೂ ಬೇಕು, ಮೂರು ತಿಂಗಳೂ ಆಗಿರಬೇಕು ಅಂದ್ರಲ್ಲ ನೀವು. ಎರಡರಲ್ಲಿ ಒಂದಿದ್ರೂ ಸಾಕು ಅಂತ ಮಾಡಿ, ನೋಡೋಣ.”

ಪ್ರೈನ್ ಬಾಯಿ ತೆರೆದರು. ಅದಕ್ಕೆ ಮೊದಲೇ ಗೋಡೆಯ ಕಡೆಯಿಂದ ಏವ್ರಮ್ ದನಿ ಬಂತು. ಗುರುವಾರದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು.

“ಬಟ್ಟಲು ಹೊಡೀರಿ ರೋಸಾ.”

ಅದೇ ಸಾಲನ್ನು ಮತ್ತೆ ಹೊಡೆದು, ಆ ಒಂದು ಜಾಗದಲ್ಲಿ ಬಟ್ಟಲು ಹೊಡೆದೆ. ಈ ಸಲ ತಡವಾಗಲಿಲ್ಲ. ಹೆಸರುಗಳು ಬಿದ್ದವು, ಬೀಳುತ್ತಲೇ ಹೋದವು, ಕಾಗದ ಮೇಜಿನ ಅಂಚು ದಾಟಿ ಕೆಳಗಿಳಿಯಿತು. ಸ್ಟ್ರಿಕ್‌ಲ್ಯಾಂಡ್ ಅದನ್ನು ಎತ್ತಿ ಹಿಡಿದು, ಪಟ್ಟಿಯ ಜೊತೆ ತಾವೇ ಹತ್ತಾರು ಹೆಸರು ತಾಳೆ ನೋಡಿದರು.

“ಓದೋದಕ್ಕೆ ನನಗಂತೂ ಬರಲ್ಲ,” ಅಂದರು ಕೊನೆಗೆ. “ಚಿಹ್ನೆ ತೆಗೆದು ಸಾದಾ ಮಾತಿನಲ್ಲಿ ಬರೆಯೋ ಹಾಗೆ ಮಾಡಕ್ಕಾಗಲ್ವಾ?”

“ಆಗಲ್ಲ,” ಅಂದರು ಪ್ರೈನ್. “ಹಾಗೆ ಮಾಡಿದ್ರೆ ಇದು ಇದಾಗಿರಲ್ಲ.”

ಸ್ಟ್ರಿಕ್‌ಲ್ಯಾಂಡ್ ಎದ್ದು ಕೋಟು ಸರಿಮಾಡಿಕೊಂಡರು. “ಒಂದು ವರ್ಷ ಕೊಡ್ತೀನಿ.”

ಆ ಒಂದು ವರ್ಷ ಎರಡಾಯಿತು, ಆಮೇಲೆ ಯಾರೂ ಎಣಿಸಲಿಲ್ಲ. ಮೊದಲು ನಮ್ಮ ಕಟ್ಟಡದವರು, ಆಮೇಲೆ ಬೇರೆ ಊರಿನವರು ಗುಂಡು ಬೇಕೆಂದು ಕೇಳತೊಡಗಿದರು. ಬೋರ್ಡಿನ ಮೇಲಿನ ಬರಹ ಈಗ ಒಂದು ಭಾಷೆ ಎಂದು ಜನ ಮಾತಾಡಿಕೊಂಡರು. ನನ್ನ ರಾಜೀನಾಮೆಯನ್ನು ಪ್ರೈನ್ ತೆಗೆದುಕೊಳ್ಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅದು ಅವರ ಮೇಜಿನ ಮೇಲೆ ಬಹಳ ದಿನ ಇತ್ತು. ಒಂದು ದಿನ ನೋಡಿದರೆ ಅದರ ಹಿಂದೆ ಏನೋ ಲೆಕ್ಕ ಬರೆದಿದ್ದರು.

ಏವ್ರಮ್ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದ. ಡಿಸೆಂಬರಿನಲ್ಲಿ ಅವನಿಗೆ ಮಗಳು ಹುಟ್ಟಿದ್ದು ನನಗೆ ಗೊತ್ತಾದದ್ದು ಕ್ಯಾಂಟೀನಿನಲ್ಲಿ, ಬೇರೆಯವರ ಬಾಯಿಂದ. ಎಲ್ಲರಿಗೂ ಸಿಹಿ ಹಂಚಿದ್ದನಂತೆ. ಅವತ್ತು ಊಟ ಅಲ್ಲೇ ಬಿಟ್ಟು ಎದ್ದು ಬಂದೆ. ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ ಎಂದು ಗೊತ್ತಿತ್ತು. ಆದರೂ ಆಯಿತು.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಅವನು ಹೊಸ ಪ್ರೋಗ್ರಾಮಿನ ತೂತಿನ ಕಾರ್ಡುಗಳ ಒಂದು ಉದ್ದನೆಯ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟ. ಆರುನೂರು ಕಾರ್ಡು ಇದ್ದಿರಬೇಕು. ಅವನ ಬೆರಳುಗಳು ವಾಸಿಯಾಗಿದ್ದವು.

“ಇದನ್ನ ಕಂಪ್ಯೂಟರಿಗೆ ಕಳಿಸೋ ಮೊದಲು ನಂಬರು ನೋಡಿಕೊಡ್ತೀರಾ?” ಅಂದ.

“ನಾನಾ?”

“ಈ ಕಟ್ಟಡದಲ್ಲಿ ನಿಮ್ಮಷ್ಟು ಹೆದರಿಕೊಂಡು ನೋಡೋರು ಬೇರೆ ಯಾರಿದಾರೆ ಹೇಳಿ.”

ಕುಹಕವೋ ತಮಾಷೆಯೋ ತಿಳಿಯಲಿಲ್ಲ. ಮುಖ ನೋಡಿದರೂ ಗೊತ್ತಾಗಲಿಲ್ಲ. ಅವನು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತ, ಅರ್ಧ ಕಾರ್ಡುಗಳನ್ನು ತನ್ನ ಕಡೆಗೆ ತೆಗೆದುಕೊಂಡ. ನಾವಿಬ್ಬರೂ ಓದಲು ಶುರುಮಾಡಿದೆವು.